ಎದೆಯೋ, ಕರುಳೋ, ತಲೆಯೋ? ಮಿದುಳಿನ ಕುರಿತ ಪ್ರಾಚೀನ ವಿಚಾರಗಳೂ ಸಭಾಪಾಲನೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಭೇಟಿಗೆ ಹೋಗುವ ಸಭಾಪಾಲಕನು ಅಲ್ಲಿಯ ಜನರ ಮಾತಿನಲ್ಲಿ ಒಂದು ಸಂಗತಿಯನ್ನು ಬೇಗನೆ ಗಮನಿಸುತ್ತಾನೆ. ಹೆದರಿದವರು ‘ಎದಿ ಝಲ್ಲಂತು’ ಎನ್ನುತ್ತಾರೆ. ಮಗನನ್ನು ಪರಊರಿಗೆ ದುಡಿಮೆಗೆ ಕಳುಹಿಸಿದ ತಾಯಿ ‘ಕಳ್ಳು ಚುರ್ರಂತರಿ’ ಎನ್ನುತ್ತಾಳೆ. ಪಕ್ಕದ ಹೊಲದ ಕಬ್ಬನ್ನು ಕಂಡು ಒಳಗೊಳಗೇ ಕುದಿಯುವವನದು ‘ಹೊಟ್ಟಿಕಿಚ್ಚು’. ಸಾಲದ ಲೆಕ್ಕ ಮುಗಿಯದವನು ‘ತಲಿ ಕೆಟ್ಟೈತಿ’ ಎಂದು ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಭಯಕ್ಕೆ ಎದೆ, ಮಮತೆಗೆ ಕರುಳು, ಅಸೂಯೆಗೆ ಹೊಟ್ಟೆ, ವಿವೇಚನೆಗೆ ತಲೆ ಎಂದು ಅಂತರಂಗದ ವ್ಯಾಪಾರಗಳನ್ನು ಈ ಭಾಷೆ ದೇಹದ ನಾನಾ ಭಾಗಗಳಿಗೆ ಹಂಚಿಕೊಟ್ಟಿದೆ. ಇದು ಅಜ್ಞಾನದ ಮಾತಲ್ಲ. ಮನುಷ್ಯಕುಲದ ಬಹಳ ಹಳೆಯ ಮನಶ್ಶಾಸ್ತ್ರ. ಸತ್ಯವೇದವೂ ಇದೇ ಭಾಷೆಯನ್ನಾಡುತ್ತದೆ.

ಈ ವಿಷಯವನ್ನು ನಾನು ಕೇವಲ ಕುತೂಹಲದಿಂದ ಎತ್ತಿಕೊಂಡವನಲ್ಲ. ಸೇವೆಗೆ ಸೇರಿದ ಎರಡನೆಯ ವರ್ಷ, ಘಟಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ, ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಆಗಾಗ ಮೂರ್ಛೆ ಬರುತ್ತಿತ್ತು. ತಾಯಿ ವೈದ್ಯರಿಂದ ಗುಳಿಗೆ ತಂದು ಕೊಡುತ್ತಿದ್ದಳು. ಒಂದು ಸಂಜೆ ಪ್ರಾರ್ಥನಾಕೂಟ ಮುಗಿದ ಮೇಲೆ ಹಿರಿಯರೊಬ್ಬರು, ‘ಗುಳಿಗಿ ಬಿಡಸವ್ವ, ಇದು ಡಾಕ್ಟರ ಕೈಯಾಗಿನ ಮಾತಲ್ಲ, ಉಪವಾಸ ಮಾಡೂಣು’ ಎಂದರು. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಅವರೇ ತೆರೆದು ತೋರಿಸಿದರು. ನಾನು ಬಾಯಿ ತೆರೆಯಲಿಲ್ಲ. ದೈವಶಾಸ್ತ್ರದ ಪದವಿ ಪಡೆದು ಬಂದಿದ್ದ ನನ್ನ ಬಳಿ ಆ ಹಿರಿಯರಿಗೆ ಹೇಳಬೇಕಾದ ಉತ್ತರ ಇರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಹುಡುಗ ಒಲೆಯ ಮುಂದೆ ಬಿದ್ದು ಬಲಗೈ ಸುಟ್ಟುಕೊಂಡನು. ಆ ಉತ್ತರವನ್ನು ಹುಡುಕುತ್ತಾ ನಾನು ಓದಿದ್ದರಲ್ಲಿ ಒಂದಿಷ್ಟನ್ನು ಇಲ್ಲಿ ಸೇವಾರ್ಥಿಗಳ ಮುಂದಿಡುತ್ತಿದ್ದೇನೆ.

ಮೊದಲು ಸತ್ಯವೇದದ ಭಾಷೆಯನ್ನೇ ನೋಡೋಣ. ಹೀಬ್ರೂ ಭಾಷೆಯಲ್ಲಿ ಆಲೋಚಿಸುವುದು, ನಿಶ್ಚಯಿಸುವುದು, ನೆನೆಯುವುದು, ಕಠಿಣವಾಗುವುದು ಎಲ್ಲವೂ ‘ಲೇಬ್’ ಅಥವಾ ‘ಲೇಬಾಬ್’ ಎಂಬ ಹೃದಯದ ಕೆಲಸ. ಮನುಷ್ಯನ ಅತ್ಯಂತ ಗುಪ್ತವಾದ ಒಳಭಾವಗಳು ‘ಕೆಲಾಯೋತ್’ ಎಂಬ ಮೂತ್ರಪಿಂಡಗಳಲ್ಲಿವೆ. ದೇವರು ಹೃದಯವನ್ನೂ ಮೂತ್ರಪಿಂಡಗಳನ್ನೂ ಶೋಧಿಸುವಾತನು ಎಂದು ಕೀರ್ತನೆಗಳೂ ಯೆರೆಮೀಯನೂ ಹೇಳುವಾಗ, ನಮ್ಮ ರೂಢಿಯ ಕನ್ನಡ ಸತ್ಯವೇದ ಆ ಎರಡನೆಯ ಪದವನ್ನು ‘ಅಂತರಿಂದ್ರಿಯ’ ಎಂದು ಮಾಡಿಕೊಂಡಿದೆ. ಅನುವಾದ ಸೊಗಸಾಗಿದೆ, ಆದರೆ ಮೂಲದ ಮಾಂಸಲತೆ ಅದರಲ್ಲಿ ಕರಗಿಹೋಗಿದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಯೇಸು ಜನರ ಗುಂಪನ್ನು ಕಂಡು ಕನಿಕರಪಟ್ಟನೆಂಬಲ್ಲಿ ಬರುವ ಕ್ರಿಯಾಪದದ ಮೂಲ ‘ಸ್ಪ್ಲಾಂಖ್ನ’, ಅಂದರೆ ಒಳಾಂಗಗಳು, ಕರುಳುಗಳು. ಆ ತಾಯಿಯ ‘ಕಳ್ಳು ಚುರ್ರಂತರಿ’ ಎಂಬ ಮಾತು ನಮ್ಮ ‘ಕನಿಕರ’ಕ್ಕಿಂತ ಸುವಾರ್ತಿಕನ ಪದಕ್ಕೆ ಹತ್ತಿರದ್ದು ಎಂದು ನನ್ನ ಭಾವನೆ. ಗೋಕಾಕ ಸೀಮೆಯಲ್ಲಿ ಉಪದೇಶಿಸುವವರು ಅದನ್ನು ಧೈರ್ಯವಾಗಿ ಬಳಸಿಕೊಳ್ಳಬಹುದು.

ಮಿದುಳಿಗೆ ಮಾತ್ರ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ‘ಮೋಅಹ್’ ಎಂಬ ಹೀಬ್ರೂ ಪದ ಹಳೆಯ ಒಡಂಬಡಿಕೆಯಲ್ಲಿ ಯೋಬನ ಗ್ರಂಥದ 21ನೆಯ ಅಧ್ಯಾಯದಲ್ಲಿ ಬರುತ್ತದೆ. ಅಲ್ಲಿ ಅದರ ಅರ್ಥ ಎಲುಬಿನೊಳಗಿನ ಮಜ್ಜೆ. ಮಿದುಳು ಎಂಬ ಅರ್ಥ ಅದಕ್ಕೆ ಬಂದದ್ದು ಆಮೇಲೆ. ಇಲ್ಲಿ ಕನ್ನಡದ ಒಂದು ಸಾಮ್ಯ ಗಮನಾರ್ಹ: ನಮ್ಮ ‘ಮಿದುಳು’ ಎಂಬ ಪದಕ್ಕೂ ತಲೆಯೊಳಗಿನದು, ಎಲುಬಿನೊಳಗಿನದು ಎಂಬ ಎರಡು ಅರ್ಥಗಳುಂಟು. ತಲೆಬುರುಡೆಯೂ ಒಂದು ಎಲುಬು, ಅದರೊಳಗಿನ ಮೆತ್ತನೆಯ ವಸ್ತು ಅದರ ಮಜ್ಜೆ ಎಂದು ಎರಡೂ ಜನರು ಭಾವಿಸಿದ್ದಿರಬೇಕು. ಮಜ್ಜೆಗೆ ಯೋಚನೆಯ ಹೊರೆಯನ್ನು ಯಾರೂ ಹೊರಿಸುವುದಿಲ್ಲ. ಆದರೂ ದಾನಿಯೇಲನ ಗ್ರಂಥದ ಅರಾಮಿಕ್ ಭಾಗದಲ್ಲಿ ಅರಸನ ಕನಸುಗಳಿಗೆ ‘ತಲೆಯ ದರ್ಶನಗಳು’ ಎಂಬ ಮಾತು ಮತ್ತೆಮತ್ತೆ ಬರುತ್ತದೆ; ಅದೇ ಎರಡನೆಯ ಅಧ್ಯಾಯದಲ್ಲಿ ಆಲೋಚನೆಗಳು ಮಾತ್ರ ಹೃದಯದವು. ಬಾಬೆಲಿನ ಆಸ್ಥಾನದಲ್ಲಿ ಕನಸು ತಲೆಗೆ, ವಿಚಾರ ಎದೆಗೆ ಸೇರಿತ್ತೆಂದು ತೋರುತ್ತದೆ.

ಐಗುಪ್ತದಲ್ಲಿ ಹೆಣಕ್ಕೆ ಸುಗಂಧದ್ರವ್ಯ ತುಂಬುವವರು ಹೃದಯವನ್ನು ಜೋಪಾನವಾಗಿ ದೇಹದಲ್ಲಿಯೇ ಉಳಿಸುತ್ತಿದ್ದರು, ಏಕೆಂದರೆ ಪರಲೋಕದ ನ್ಯಾಯತೀರ್ಪಿನಲ್ಲಿ ತೂಗುವುದು ಅದನ್ನೇ. ಮಿದುಳನ್ನು ಮೂಗಿನ ಮೂಲಕ ಹೊರತೆಗೆದು ಚೆಲ್ಲುತ್ತಿದ್ದರು. ಅದೇ ದೇಶದ ಶಸ್ತ್ರವೈದ್ಯರಿಗೆ ಬೇರೆಯ ಅನುಭವವಿತ್ತು. ಸುಮಾರು ಕ್ರಿ.ಪೂ. 1600ರಲ್ಲಿ ನಕಲುಮಾಡಲಾದ, ಈಗ ಎಡ್ವಿನ್ ಸ್ಮಿತ್ ಪಪೈರಸ್ ಎಂದು ಕರೆಯಲಾಗುವ ಸುರುಳಿಯಲ್ಲಿ ತಲೆಗೆ ಪೆಟ್ಟುಬಿದ್ದವರ ಲಕ್ಷಣಗಳು ದಾಖಲಾಗಿವೆ. ಮಿದುಳಿಗೆ ಒಂದು ಪದವೂ ಅಲ್ಲಿದೆ. ಪುರೋಹಿತನು ಎಸೆದದ್ದನ್ನು ಗಾಯ ನೋಡುವವನು ಬರೆದಿಟ್ಟನು. ಮುಂದಿನ ಚರಿತ್ರೆಯಲ್ಲೂ ಇದೇ ಮರುಕಳಿಸುತ್ತದೆ: ಮಿದುಳಿನ ಬಗ್ಗೆ ಮನುಷ್ಯನಿಗೆ ಪಾಠ ಹೇಳಿದ್ದು ತತ್ತ್ವಕ್ಕಿಂತ ಹೆಚ್ಚಾಗಿ ಪೆಟ್ಟು, ಗಾಯ, ರೋಗ.

ಗ್ರೀಕರಲ್ಲಿ ಕ್ರೋಟೋನ್ ಪಟ್ಟಣದ ಅಲ್ಕ್ಮಿಯೋನನು ಕ್ರಿ.ಪೂ. ಐದನೆಯ ಶತಮಾನದಲ್ಲಿ ಇಂದ್ರಿಯಗಳು ಮಿದುಳಿಗೆ ಸಂಬಂಧಪಟ್ಟಿವೆ ಎಂದನು. ಅದೇ ಶತಮಾನದ ಕೊನೆಯ ಹೊತ್ತಿಗೆ ಹಿಪ್ಪೊಕ್ರಟಿಸನ ಹೆಸರಿನಲ್ಲಿ ಬಂದ ‘ಪವಿತ್ರ ರೋಗದ ಕುರಿತು’ ಎಂಬ ಚಿಕ್ಕ ಗ್ರಂಥವು ಮೂರ್ಛೆರೋಗವನ್ನು ಕುರಿತದ್ದು. ಗ್ರೀಕರು ಅದನ್ನು ದೇವತೆಗಳು ತಂದ ರೋಗವೆಂದು ಭಾವಿಸಿ ‘ಪವಿತ್ರ’ವೆಂದು ಕರೆಯುತ್ತಿದ್ದರು. ಈ ರೋಗವು ಮಿಕ್ಕ ರೋಗಗಳಿಗಿಂತ ಹೆಚ್ಚು ದೈವಿಕವೂ ಅಲ್ಲ, ಕಡಿಮೆ ದೈವಿಕವೂ ಅಲ್ಲ, ಇದಕ್ಕೂ ಒಂದು ಸ್ವಭಾವವಿದೆ, ಕಾರಣವಿದೆ ಎಂಬುದು ಗ್ರಂಥಕರ್ತನ ವಾದ. ಶುದ್ಧೀಕರಣ, ಮಂತ್ರ, ಪಥ್ಯಗಳಿಂದ ಗುಣಮಾಡುತ್ತೇವೆನ್ನುವವರ ಮೇಲೆ ಆತನಿಗೆ ಕೋಪ: ರೋಗಿ ಗುಣವಾದರೆ ಕೀರ್ತಿ ಅವರಿಗೆ, ಸತ್ತರೆ ಹೊಣೆ ದೇವರಿಗೆ! ಆತನು ಕೊಟ್ಟ ಪ್ರಮಾಣ ನಮ್ಮ ಕುರಿಗಾರರಿಗೂ ಅರ್ಥವಾಗುವಂಥದು. ಆಡುಗಳಿಗೆ ಈ ರೋಗ ಬರುತ್ತದೆ. ಅಂಥ ಆಡಿನ ತಲೆಯನ್ನು ಸೀಳಿ ನೋಡಿದರೆ ಮಿದುಳು ನೀರು ತುಂಬಿ ದುರ್ವಾಸನೆಯಿಂದ ಕೂಡಿರುತ್ತದೆ. ಆದ್ದರಿಂದ ದೇಹವನ್ನು ಕೆಡಿಸುವುದು ದೇವತೆಯಲ್ಲ, ರೋಗ. ಕಫವು ನಾಳಗಳಲ್ಲಿ ಇಳಿದು ಗಾಳಿಯನ್ನು ತಡೆಯುವುದರಿಂದ ಮೂರ್ಛೆ ಬರುತ್ತದೆಂಬ ಆತನ ವಿವರಣೆ ತಪ್ಪು. ಹುಡುಕಬೇಕಾದ ಜಾಗವನ್ನು ಮಾತ್ರ ಆತನು ಸರಿಯಾಗಿ ತೋರಿಸಿದನು.

ಇಷ್ಟಾದರೂ ಅರಿಸ್ಟಾಟಲನು ಮತ್ತೆ ಹೃದಯದ ಪಕ್ಷ ಹಿಡಿದನು. ಮಿದುಳು ತಣ್ಣಗಿದೆ, ಮುಟ್ಟಿದರೆ ಅದಕ್ಕೆ ತಿಳಿಯದು. ಹೃದಯ ಬಿಸಿಯಾಗಿದೆ, ಭ್ರೂಣದಲ್ಲಿ ಮೊದಲು ಮಿಡಿಯುವುದು ಅದೇ. ಆದ್ದರಿಂದ ಮಿದುಳು ಹೃದಯದ ಕಾವನ್ನು ತಣಿಸುವ ಅಂಗ ಎಂದನು. ಸ್ತೋಯಿಕರ ವಾದ ಇನ್ನೊಂದು ಬಗೆಯದು: ಮಾತು ಎದೆಯಿಂದ ಹೊರಡುತ್ತದೆ, ಮಾತು ಹೊರಡುವಲ್ಲಿಯೇ ವಿಚಾರವೂ ಇರಬೇಕು. ಇದಕ್ಕೆ ಉತ್ತರ ಕೊಟ್ಟವನು ಎರಡನೆಯ ಶತಮಾನದ ವೈದ್ಯ ಗ್ಯಾಲೆನ್. ಜನರ ಮುಂದೆ ಹಂದಿಯೊಂದನ್ನು ಕಟ್ಟಿ, ಅದು ಕಿರಿಚಾಡುತ್ತಿರುವಾಗ, ಕುತ್ತಿಗೆಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ಎಳೆಯಂಥ ನರಗಳನ್ನು ಆತನು ಬಿಗಿದನು. ಹಂದಿ ಬದುಕಿತ್ತು, ಒದ್ದಾಡುತ್ತಿತ್ತು, ಆದರೆ ಧ್ವನಿಯಿರಲಿಲ್ಲ. ಆ ನರಗಳು ಎದೆಯವರೆಗೆ ಇಳಿದು ಮತ್ತೆ ಮೇಲಕ್ಕೇರುತ್ತವೆ, ಆದರೆ ಅವುಗಳ ಮೂಲ ಮಿದುಳು. ಹಾಗಾದರೆ ಮಾತಿನ ಆಜ್ಞೆ ಎಲ್ಲಿಂದ ಬರುತ್ತದೆ? ಎದೆ ತಿದಿಯಂತೆ ಗಾಳಿಯನ್ನಷ್ಟೇ ಒದಗಿಸುತ್ತದೆ.

ನಮ್ಮ ದೇಶದ ವೈದ್ಯಗ್ರಂಥಗಳಲ್ಲಿಯೂ ಇದೇ ತೂಗಾಟವಿದೆ. ಚರಕಸಂಹಿತೆ ಒಂದೆಡೆ ಶಿರಸ್ಸನ್ನು ‘ಉತ್ತಮಾಂಗ’ವೆಂದು ಕರೆದು ಪ್ರಾಣವೂ ಇಂದ್ರಿಯಗಳೂ ಅದನ್ನು ಆಶ್ರಯಿಸಿವೆ ಎನ್ನುತ್ತದೆ, ಇನ್ನೊಂದೆಡೆ ಚೈತನ್ಯಕ್ಕೂ ಮನಸ್ಸಿಗೂ ಹೃದಯವೇ ನೆಲೆ ಎನ್ನುತ್ತದೆ. ಭೇಲಸಂಹಿತೆ ಮನಸ್ಸನ್ನು ತಲೆಗೂ ಅಂಗುಳಿಗೂ ನಡುವೆ ಇರಿಸಿ ಚಿತ್ತವನ್ನು ಹೃದಯದಲ್ಲಿ ಬಿಡುತ್ತದೆ. ಮೂರ್ಛೆರೋಗಕ್ಕೆ ಆಯುರ್ವೇದದ ಹೆಸರು ‘ಅಪಸ್ಮಾರ’, ಅಂದರೆ ಸ್ಮೃತಿ ಅಳಿಯುವುದು; ಚರಕನಲ್ಲಿ ಅದು ದೋಷಗಳು ಕೆರಳುವುದರಿಂದ ಬರುವ ವ್ಯಾಧಿ. ಆದಿಲಶಾಹಿ ಅರಸರ ಕಾಲದಲ್ಲಿ ಗ್ಯಾಲೆನ್ ಪರಂಪರೆಯ ಯೂನಾನಿ ವೈದ್ಯವೂ ನಮ್ಮ ಸೀಮೆಯ ಕಡೆಗೆ ಬಂತು. ಹುಕ್ಕೇರಿಯ ಗುಮ್ಮಟಗಳನ್ನು ಕಟ್ಟಿಸಿದ ಆ ಪರ್ಷಿಯನ್ ಭಾಷೆಯ ಆಳ್ವಿಕೆ ಮಿದುಳಿನ ಹೆಸರೊಂದನ್ನೂ ನಮಗೆ ಬಿಟ್ಟುಹೋಗಿದೆ. ಅರಬ್ಬಿಯಲ್ಲಿ ‘ದಿಮಾಗ್’ ಎಂದರೆ ಮಿದುಳು. ಕನ್ನಡಕ್ಕೆ ಬಂದು ಅದು ‘ಧಿಮಾಕು’ ಆಯಿತು, ಸೊಕ್ಕು ಎಂಬ ಅರ್ಥ ಪಡೆಯಿತು. ತಲೆಯಲ್ಲಿ ಮಿದುಳು ಹೆಚ್ಚಾದವರನ್ನು ನಮ್ಮ ಜನ ಹೇಗೆ ಕಂಡರೆಂಬುದಕ್ಕೆ ಇದೊಂದು ಸಾಕ್ಷಿ. ಸೆಮಿನರಿಯಿಂದ ಹೊಸದಾಗಿ ಹೊರಬಂದವರು ನೆನಪಿಡಬೇಕಾದದ್ದು.

ಈಗ ಸಭಾಪಿತೃಗಳ ಕಡೆಗೆ ಬರೋಣ. ನಮ್ಮ ಪಠ್ಯಕ್ರಮದಲ್ಲಿ ಅವರನ್ನು ತ್ರಿಯೇಕತ್ವ ಮತ್ತು ಕ್ರಿಸ್ತಶಾಸ್ತ್ರಗಳಿಗಾಗಿ ಓದುತ್ತೇವೆ. ಮಿದುಳಿನ ಚರಿತ್ರೆಯಲ್ಲಿ ಅವರ ಪಾತ್ರವೇನೆಂದು ಕೇಳುವುದಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಿರಿಯಾದ ಎಮೆಸ ಎಂಬ ಪಟ್ಟಣಕ್ಕೆ, ಅಂದರೆ ಈಗಿನ ಹೋಮ್ಸ್‌ಗೆ, ನೆಮೇಸಿಯಸ್ ಎಂಬಾತನು ಬಿಷಪನಾಗಿದ್ದನು. ಆತನ ಜೀವನದ ಬಗ್ಗೆ ತಿಳಿದುಬಂದಿರುವುದು ಅತ್ಯಲ್ಪ. ಆತನ ‘ಮನುಷ್ಯನ ಸ್ವಭಾವದ ಕುರಿತು’ ಎಂಬ ಗ್ರಂಥ ಉಳಿದಿದೆ. ಗ್ಯಾಲೆನನನ್ನು ಆತನು ಚೆನ್ನಾಗಿ ಓದಿದ್ದನು. ಮಿದುಳಿನೊಳಗೆ ದ್ರವ ತುಂಬಿದ ಪೊಳ್ಳು ಕೋಣೆಗಳಿವೆ. ಮುಂದಿನ ಕೋಣೆಗಳಲ್ಲಿ ಇಂದ್ರಿಯಗಳಿಂದ ಬಂದದ್ದನ್ನು ಕೂಡಿಸುವ ಕಲ್ಪನಾಶಕ್ತಿ, ನಡುವಿನದರಲ್ಲಿ ವಿಚಾರಶಕ್ತಿ, ಹಿಂದಿನದರಲ್ಲಿ ಸ್ಮರಣಶಕ್ತಿ ಎಂದು ನೆಮೇಸಿಯಸನು ಹಂಚಿದನು. ಗ್ಯಾಲೆನನು ಹೀಗೆ ಒಂದೊಂದು ಶಕ್ತಿಗೆ ಒಂದೊಂದು ಕೋಣೆಯನ್ನು ಗೊತ್ತುಮಾಡಿರಲಿಲ್ಲ.

ನೆಮೇಸಿಯಸನ ಪ್ರಮಾಣ ಯಾವುದು? ಶಾಸ್ತ್ರವಾಕ್ಯವಲ್ಲ, ಗಾಯಗಳು. ಮುಂಭಾಗಕ್ಕೆ ಪೆಟ್ಟಾದರೆ ಇಂದ್ರಿಯಗಳು ಕೆಡುತ್ತವೆ, ವಿಚಾರ ಉಳಿಯುತ್ತದೆ. ನಡುಭಾಗ ಕೆಟ್ಟರೆ ಬುದ್ಧಿ ಕೆಡುತ್ತದೆ, ಇಂದ್ರಿಯಗಳು ಸರಿಯಾಗಿರುತ್ತವೆ. ಹಿಂಭಾಗಕ್ಕೆ ಹಾನಿಯಾದರೆ ನೆನಪು ಮಾತ್ರ ಹೋಗುತ್ತದೆ ಎನ್ನುತ್ತಾನೆ. ಈ ಹಂಚಿಕೆ ಇಂದಿನ ವಿಜ್ಞಾನದ ಪ್ರಕಾರ ಸರಿಯಲ್ಲ. ಆದರೆ ಒಂದು ಶಕ್ತಿ ಕೆಟ್ಟು ಮಿಕ್ಕವು ಉಳಿಯುವುದನ್ನು ನೋಡಿ ಮಿದುಳಿನಲ್ಲಿ ಕೆಲಸದ ವಿಭಾಗವಿದೆಯೆಂದು ಊಹಿಸುವ ಕ್ರಮ ಇಂದಿಗೂ ನರಶಾಸ್ತ್ರದ ಕ್ರಮವೇ. ಮಿದುಳಿಗೆ ಪೆಟ್ಟಾದರೆ ಬುದ್ಧಿ ಕೆಡುತ್ತದೆಂದು ಒಪ್ಪಿಕೊಳ್ಳುವಾಗ ಆ ಬಿಷಪನಿಗೆ ಆತ್ಮದ ಬಗ್ಗೆ ಅಂಜಿಕೆಯಾಗಲಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಸಂಗತಿ. ಆತ್ಮವು ದೇಹವಲ್ಲ, ಅದು ದೇಹದೊಡನೆ ಬೆರೆತರೂ ಕಲಬೆರಕೆಯಾಗದೆ ಕೂಡಿರುತ್ತದೆ ಎಂದು ಅದೇ ಗ್ರಂಥದಲ್ಲಿ ಆತನು ವಾದಿಸುತ್ತಾನೆ. ಅಗಸ್ತೀನನೂ ಆದಿಕಾಂಡದ ಮೇಲಿನ ತನ್ನ ದೊಡ್ಡ ವ್ಯಾಖ್ಯಾನದ ಏಳನೆಯ ಭಾಗದಲ್ಲಿ ವೈದ್ಯರ ಮಾತನ್ನು ಆಧರಿಸಿ ಮಿದುಳಿನ ಮೂರು ಕೋಣೆಗಳನ್ನು ಹೇಳಿದ್ದಾನೆ, ಹಂಚಿಕೆ ಸ್ವಲ್ಪ ಬೇರೆ: ಮುಂದೆ ಸಂವೇದನೆ, ನಡುವೆ ಸ್ಮರಣೆ, ಹಿಂದೆ ಚಲನೆ. ನೆಮೇಸಿಯಸನ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಸಲೆರ್ನೊ ಪಟ್ಟಣದ ಆರ್ಚ್‌ಬಿಷಪ್ ಅಲ್ಫಾನಸನು ಲ್ಯಾಟಿನ್ ಭಾಷೆಗೆ ತಂದನು. ಕೋಣೆಗಳ ಸಿದ್ಧಾಂತ ಅರಬ್ಬಿ ವೈದ್ಯರಲ್ಲಿಯೂ ಯೂರೋಪಿನ ಮಠಗಳಲ್ಲಿಯೂ ಸಾವಿರಕ್ಕೂ ಹೆಚ್ಚು ವರ್ಷ ಬಾಳಿತು.

ನಿಸ್ಸಾದ ಗ್ರೆಗರಿಯು ಬೇರೆ ದಾರಿ ಹಿಡಿದನು. ಸುಮಾರು 379ರಲ್ಲಿ ಬರೆದ ‘ಮನುಷ್ಯನ ಸೃಷ್ಟಿಯ ಕುರಿತು’ ಎಂಬ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ, ಮನಸ್ಸು ಹೃದಯದಲ್ಲಿದೆ ಎನ್ನುವವರ ವಾದವನ್ನೂ ಮಿದುಳಿನಲ್ಲಿದೆ ಎನ್ನುವವರ ವಾದವನ್ನೂ ಆತನು ಎದುರುಬದುರು ಇಡುತ್ತಾನೆ. ಮಿದುಳಿನ ಪೊರೆಗಳು ಕೆಟ್ಟರೆ ಬುದ್ಧಿ ಕದಡುತ್ತದೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ದೇಹವಿಲ್ಲದ ಮನಸ್ಸನ್ನು ಒಂದು ಅಂಗದೊಳಗೆ ಕೂಡಿಹಾಕಲು ಆತನು ಒಪ್ಪುವುದಿಲ್ಲ. ಅದು ಎಲ್ಲ ಅಂಗಗಳೊಡನೆಯೂ ವಿವರಿಸಲಾಗದ ರೀತಿಯಲ್ಲಿ ಸೇರಿದೆ ಎನ್ನುತ್ತಾನೆ. ಆತನು ಕೊಡುವ ದೃಷ್ಟಾಂತ ವಾದ್ಯದ್ದು. ವಾದ್ಯ ಹುಳಹಿಡಿದೋ ಬಿದ್ದು ಒಡೆದೋ ಹಾಳಾಗಿದ್ದರೆ, ಎಂಥ ನಿಪುಣ ವಾದಕನಾದರೂ ತನ್ನ ವಿದ್ಯೆಯನ್ನು ತೋರಿಸಲಾರನು. ನಾದ ಹೊರಡದಿದ್ದರೆ ವಾದಕನು ಸತ್ತನೆಂದೋ ಕಲೆ ಮರೆತನೆಂದೋ ಯಾರೂ ಹೇಳಬಾರದು. ಮರೆವಿನ ರೋಗ ಬಂದು ಮಕ್ಕಳ ಹೆಸರನ್ನೂ ಕರ್ತನ ಪ್ರಾರ್ಥನೆಯನ್ನೂ ಮರೆತ ಮುದುಕಿಯೊಬ್ಬಳ ಹಾಸಿಗೆಯ ಪಕ್ಕದಲ್ಲಿ, ‘ಆಕಿ ಆತ್ಮ ಈಗ ಎಲ್ಲೈತ್ರಿ ಪಾಸ್ಟರ?’ ಎಂದು ಆಕೆಯ ಗಂಡನು ನನ್ನನ್ನು ಕೇಳಿದಾಗ, ನಾನು ಕೊಟ್ಟ ಉತ್ತರ ಗ್ರೆಗರಿಯದು. ಅದು ಎಲ್ಲ ಪ್ರಶ್ನೆಗಳನ್ನು ಮುಗಿಸುವುದಿಲ್ಲ. ಪೌಲನು ನಿರೀಕ್ಷಿಸುವ ದೇಹದ ಪುನರುತ್ಥಾನಕ್ಕೆ ವಾದ್ಯ ಎಂಬ ಹೋಲಿಕೆ ಸಾಲದು. ಆ ರಾತ್ರಿಗೆ ಸಾಕಾಯಿತು.

ಸಭಾಪಿತೃಗಳೆಲ್ಲರೂ ವೈದ್ಯರ ಪಕ್ಷದಲ್ಲಿದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಮತ್ತಾಯನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, ಮಾರ್ಕನು ಹೇಳಿದ ಅದೇ ಹುಡುಗನಿಗೆ ಬಳಕೆಯಾದ ಗ್ರೀಕ್ ಪದ ‘ಚಂದ್ರನಿಂದ ಪೀಡಿತನಾಗುವುದು’ ಎಂಬ ಅರ್ಥದ್ದು. ಮೂರ್ಛೆರೋಗಕ್ಕೆ ಆ ಕಾಲದ ಜನ ಬಳಸುತ್ತಿದ್ದ ಮಾತು. ಮೂರನೆಯ ಶತಮಾನದ ಒರಿಗನನು ಮತ್ತಾಯನ ಮೇಲಿನ ವ್ಯಾಖ್ಯಾನದಲ್ಲಿ ವೈದ್ಯರನ್ನು ನೇರವಾಗಿ ಎದುರುಹಾಕಿಕೊಳ್ಳುತ್ತಾನೆ. ತಲೆಯಲ್ಲಿನ ತೇವ ಚಂದ್ರನ ಪ್ರಭಾವಕ್ಕೆ ಸಿಕ್ಕಿ ಏರಿಳಿಯುವುದೇ ಈ ರೋಗಕ್ಕೆ ಕಾರಣವೆಂದು ವೈದ್ಯರು ಹೇಳಿಕೊಳ್ಳಲಿ, ಸುವಾರ್ತೆಯನ್ನು ನಂಬುವ ನಾವು ಇದನ್ನು ಅಶುದ್ಧಾತ್ಮದ ಕೆಲಸವೆಂದೇ ತಿಳಿಯುತ್ತೇವೆ ಎಂಬುದು ಆತನ ನಿಲುವು. ಚಂದ್ರನ ಮೇಲೆ, ಆ ಮೂಲಕ ಸೃಷ್ಟಿಕರ್ತನ ಮೇಲೆ ದೂರು ಬರಲೆಂದು ದುರಾತ್ಮವು ಚಂದ್ರನ ಗತಿಯನ್ನು ಕಾದು ಪೀಡಿಸುತ್ತದೆ ಎಂದೂ ಸೇರಿಸುತ್ತಾನೆ. ನನ್ನ ಹಳ್ಳಿಯ ಹಿರಿಯರು ಒರಿಗನನ ಹೆಸರನ್ನು ಕೇಳಿದವರಲ್ಲ, ಆದರೆ ಅವರು ನಿಂತಿದ್ದುದು ಆತನ ಪಕ್ಕದಲ್ಲಿ. ಅವರನ್ನು ಮೂಢರೆಂದು ತಳ್ಳಿಹಾಕುವವನು ಸಭೆಯ ಒಬ್ಬ ಮಹಾಪಂಡಿತನನ್ನೂ ತಳ್ಳಿಹಾಕಬೇಕಾಗುತ್ತದೆ.

ಮುಂದಿನ ಶತಮಾನಗಳನ್ನು ಬೇಗ ದಾಟಬಹುದು. ವಿಟೆನ್‌ಬರ್ಗಿನಲ್ಲಿ ಲೂಥರನ ಸಹೋದ್ಯೋಗಿ ಮೆಲಾಂಖ್ತೋನನು 1540ರಲ್ಲಿ ಆತ್ಮದ ಕುರಿತ ತನ್ನ ಪಠ್ಯವನ್ನು ಹೊರತಂದನು. ಅದರ ಬಹುಭಾಗ ಅಂಗರಚನಾಶಾಸ್ತ್ರವೇ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ದೇಹವನ್ನು ಬಲ್ಲವನೇ ಆತ್ಮವನ್ನು ಕುರಿತು ಮಾತನಾಡಬಲ್ಲನು ಎಂಬುದು ಆತನ ವಿಶ್ವಾಸ. ‘ಸೈಕಾಲಜಿಯ’ ಎಂಬ ಲ್ಯಾಟಿನ್ ಪದ ಚಾಲ್ತಿಗೆ ಬಂದದ್ದೂ ಅದೇ ಶತಮಾನದಲ್ಲಿ. 1590ರಲ್ಲಿ ಗೋಕ್ಲೇನಿಯಸನು ಅದನ್ನು ಪುಸ್ತಕದ ಶೀರ್ಷಿಕೆಯಲ್ಲಿಯೇ ಬಳಸಿದನು. 1543ರಲ್ಲಿ ವೆಸೇಲಿಯಸನು ಕೋಣೆಗಳ ಸಿದ್ಧಾಂತಕ್ಕೆ ಒಂದು ಸರಳ ಪ್ರಶ್ನೆ ಹಾಕಿದನು: ಕತ್ತೆಗೂ ಎತ್ತಿಗೂ ಮನುಷ್ಯನಂಥವೇ ಕೋಣೆಗಳಿವೆ, ಹಾಗಾದರೆ ವಿಚಾರಶಕ್ತಿ ಕೋಣೆಯಲ್ಲಿದೆ ಎನ್ನುವುದು ಹೇಗೆ? ದೆಕಾರ್ತನು ಆತ್ಮವು ಪೀನಿಯಲ್ ಗ್ರಂಥಿಯ ಮೂಲಕ ದೇಹವನ್ನು ನಡೆಸುತ್ತದೆಂದೂ ಆ ಗ್ರಂಥಿ ಅತ್ತಿತ್ತ ಬಾಗುತ್ತದೆಂದೂ ಕಲ್ಪಿಸಿದನು. 1665ರಲ್ಲಿ ಪ್ಯಾರಿಸಿನಲ್ಲಿ ಮಿದುಳನ್ನು ಕುರಿತು ಉಪನ್ಯಾಸ ಕೊಟ್ಟ ಡೆನ್ಮಾರ್ಕಿನ ಸ್ಟೇನೊ ಆ ಗ್ರಂಥಿ ಅಲುಗಾಡುವಂತೆಯೇ ಇಲ್ಲವೆಂದು ತೋರಿಸಿದನು. ಅದಕ್ಕೂ ಮೊದಲು, ಮಿದುಳಿನ ಬಗ್ಗೆ ತನಗೆ ಏನೂ ತಿಳಿಯದು ಎಂದೇ ಉಪನ್ಯಾಸವನ್ನು ಆರಂಭಿಸಿದ್ದನು. ಆಮೇಲೆ ಆತನು ರೋಮನ್ ಕಥೋಲಿಕ ಬಿಷಪನಾದನು. 1664ರಲ್ಲಿ ಮಿದುಳಿನ ಅಂಗರಚನೆಯನ್ನು ಪ್ರಕಟಿಸಿದ ಥಾಮಸ್ ವಿಲ್ಲಿಸ್ ಆಂಗ್ಲಿಕನ್ ಸಭೆಯ ನಿಷ್ಠಾವಂತ ಸದಸ್ಯ. ಯೋಚನೆಯನ್ನು ಕೋಣೆಗಳ ಪೊಳ್ಳಿನಿಂದ ಮಿದುಳಿನ ಗಟ್ಟಿ ಭಾಗಕ್ಕೆ ತಂದದ್ದರಲ್ಲಿ ಆತನ ಪಾಲು ದೊಡ್ಡದು. 1861ರಲ್ಲಿ ಬ್ರೋಕನು ಮಾತು ಕಳೆದುಕೊಂಡ ರೋಗಿಯ ಮಿದುಳಿನ ಎಡ ಮುಂಭಾಗದಲ್ಲಿ ಹಾನಿಯನ್ನು ಕಂಡನು. 1879ರಲ್ಲಿ ಲೈಪ್‌ಜಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದ ವುಂಟನು ಲೂಥರನ್ ಸಭಾಪಾಲಕನೊಬ್ಬನ ಮಗ.

ಕನ್ನಡ ನಾಡಿಗೆ ಈ ವಿದ್ಯೆ ಬಂದದ್ದು ಎರಡು ಬಾಗಿಲುಗಳಿಂದ. ಒಂದು ವಿಶ್ವವಿದ್ಯಾಲಯ. 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತೆಯ ನಂತರ ದೇಶದಲ್ಲಿ ಆರಂಭವಾದ ಮೊದಲ ವಿಭಾಗಗಳಲ್ಲಿ ಅದೊಂದು. ಆಗ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲರು ಪ್ರಾಚೀನ ಹಿಂದೂಗಳ ವಿಜ್ಞಾನಗಳನ್ನು ಕುರಿತು 1915ರಲ್ಲಿ ಗ್ರಂಥ ಬರೆದವರು. ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತವರು. ಅವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರವನ್ನು ನಡೆಸಲಾರಂಭಿಸಿದರು. ಆ ಹೆಸರು ಇಂದು ದೇಶದ್ದೆಲ್ಲ.

ಇನ್ನೊಂದು ಬಾಗಿಲು ಹುಚ್ಚಾಸ್ಪತ್ರೆ. ಬೆಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ 19ನೆಯ ಶತಮಾನದಲ್ಲಿಯೇ ಇಂಥ ಆಶ್ರಯಗಳು ಹುಟ್ಟಿದವು. ಬೆಂಗಳೂರಿನದು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಅದರ ನೆಲೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಮಿದುಳಿನ ವಸ್ತುಸಂಗ್ರಹಾಲಯಕ್ಕೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕೆಂದು ನಾನು ಬಹುಕಾಲದಿಂದ ಹೇಳುತ್ತಿದ್ದೇನೆ. ಉತ್ತರ ಕರ್ನಾಟಕದವರ ನಾಲಗೆಯ ಮೇಲೆ ‘ಧಾರವಾಡಕ್ಕ ಕಳಸಬೇಕು’ ಎಂಬ ಗೇಲಿಮಾತು ಇನ್ನೂ ಇದೆ. ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ. ಗೇಲಿಯ ಭಯಕ್ಕೆ ಅಲ್ಲಿಗೆ ಹೋಗದೆ ಉಳಿಯುವ ಮನೆಗಳು ನಮ್ಮ ಸಭೆಗಳಲ್ಲಿಯೇ ಇವೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಕೃತಿಯೊಂದನ್ನು ಸಾಹಿತ್ಯವೆಂದು ಗೌರವಿಸಿದ ಭಾಷೆ ನಮ್ಮದು; ಅದನ್ನು ಓದಿದ ಸಭಾಪಾಲಕರು ಎಷ್ಟು ಮಂದಿ?

ವಿಜ್ಞಾನದ ಕಡೆಗೂ ಒಂದು ಎಚ್ಚರಿಕೆಯ ಮಾತು ಸಲ್ಲಬೇಕು. 1940ರ ದಶಕದಲ್ಲಿ ಮಿದುಳಿನ ಮುಂಭಾಗದ ಎಳೆಗಳನ್ನು ಕತ್ತರಿಸಿ ಮನೋರೋಗವನ್ನು ಗುಣಪಡಿಸುವ ಶಸ್ತ್ರಚಿಕಿತ್ಸೆ ಲೋಕದ ಅನೇಕ ಕಡೆ ನಡೆಯಿತು, ಬೆಂಗಳೂರಿನಲ್ಲಿಯೂ ನಡೆಯಿತು. 1949ರಲ್ಲಿ ಅದನ್ನು ಕಂಡುಹಿಡಿದ ಮೋನಿಸನಿಗೆ ನೊಬೆಲ್ ಬಹುಮಾನ ಬಂತು. ಚಿಕಿತ್ಸೆ ಪಡೆದ ಅನೇಕರು ಗಲಾಟೆ ನಿಲ್ಲಿಸಿದರು, ಅದರೊಡನೆ ತಾವು ತಾವಾಗಿರುವುದನ್ನೂ ನಿಲ್ಲಿಸಿದರು. ಔಷಧಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ವಾದ್ಯವನ್ನು ಸರಿಪಡಿಸುತ್ತೇನೆಂದು ತಂತಿ ಕಡಿಯುವ ಅಪಾಯ ದೆವ್ವ ಬಿಡಿಸುವವನಿಗೆ ಇರುವಂತೆ ವೈದ್ಯನಿಗೂ ಇದೆ.

ಇನ್ನು ಆ ಹುಡುಗನ ವಿಷಯ. ಅವನಿಗೆ ಮೂರ್ಛೆ ಬರುತ್ತಿದ್ದುದು ಹೆಚ್ಚಾಗಿ ಬಚ್ಚಲಲ್ಲಿ, ವಾರಕ್ಕೊಮ್ಮೆ ತಲೆಗೆ ಎರೆಯುವ ದಿನ. ‘ಬಚ್ಚಲದಾಗ ಏನೋ ಐತ್ರಿ’ ಎಂಬುದು ಅಜ್ಜಿಯ ವಾದ, ಹಿರಿಯರ ವಾದಕ್ಕೆ ಅದೇ ಬುನಾದಿ. ದೆವ್ವವಲ್ಲದಿದ್ದರೆ ಬಚ್ಚಲನ್ನೇ ಏಕೆ ಆರಿಸಿಕೊಳ್ಳಬೇಕು? ಬಹಳ ದಿನಗಳ ಮೇಲೆ ನನಗೆ ತಿಳಿದ ಸಂಗತಿ ಇದು: ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆರೋಗವೊಂದುಂಟು. ಲೋಕದ ಬೇರೆಡೆ ಅದು ಅಪರೂಪ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಹೆಚ್ಚು. ಕೆ. ಎಸ್. ಮಣಿ ಮತ್ತು ನಿಮ್ಹಾನ್ಸಿನ ಪಿ. ಸತೀಶ್ಚಂದ್ರ ಮೊದಲಾದ ನರವೈದ್ಯರು ಅದನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಹಂಡೆಯ ಬಿಸಿನೀರನ್ನು, ಕೆಲವೊಮ್ಮೆ 40ರಿಂದ 50 ಡಿಗ್ರಿಯಷ್ಟು ಕಾವಿನದನ್ನು, ತಂಬಿಗೆಯಿಂದ ಮೇಲಿಂದ ಮೇಲೆ ತಲೆಗೆ ಸುರಿಯುವ ನಮ್ಮ ರೂಢಿಯೇ ಅದನ್ನು ಕೆರಳಿಸುತ್ತದೆ. ಮಕ್ಕಳಲ್ಲಿ, ಗಂಡಸರಲ್ಲಿ ಅದು ಹೆಚ್ಚು. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕಾಣುತ್ತದೆ. ಉಗುರುಬೆಚ್ಚಗಿನ ನೀರಿನಿಂದ, ತಲೆಗೆ ಸುರಿಯದೆ, ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಅನೇಕರಿಗೆ ಬರುವುದಿಲ್ಲ. ಕೆಲವರಿಗೆ ವೈದ್ಯರು ತಲೆಸ್ನಾನದ ಮೊದಲು ತೆಗೆದುಕೊಳ್ಳುವ ಗುಳಿಗೆ ಕೊಡುತ್ತಾರೆ, ಬೇರೆ ವೇಳೆಯಲ್ಲಿಯೂ ಮೂರ್ಛೆ ಬರುವವರಿಗೆ ದಿನದ ಗುಳಿಗೆ ಬೇಕು. ಆಡಿನ ತಲೆಯನ್ನು ಸೀಳಿದ ಆ ಗ್ರೀಕ್ ವೈದ್ಯನಿಗೆ ನಮ್ಮ ಬಚ್ಚಲನ್ನು ತೋರಿಸಬೇಕಿತ್ತು.

ಸುವಾರ್ತೆಯ ಹುಡುಗನಿಗೆ ಇದೇ ರೋಗವಿತ್ತೆಂದು ನಾನು ಹೇಳುತ್ತಿಲ್ಲ. ಎರಡು ಸಾವಿರ ವರ್ಷದಾಚೆಯ ರೋಗಿಗೆ ಇಲ್ಲಿಂದ ನಾಡಿ ಹಿಡಿಯುವುದು ವೈದ್ಯವೂ ಅಲ್ಲ, ವ್ಯಾಖ್ಯಾನವೂ ಅಲ್ಲ. ಆದರೆ ಮಾರ್ಕನ ಕಥನದಲ್ಲಿ ಒಂದು ವಿವರವಿದೆ. ತಂದೆಯು ಮಗನ ಸ್ಥಿತಿಯನ್ನು ಹೇಳಿದಾಗ ಯೇಸು ಮೊದಲು ಕೇಳುವುದು, ಇದು ಎಷ್ಟು ಕಾಲದಿಂದ ಹೀಗಿದೆ ಎಂಬುದನ್ನು. ತಂದೆಯು ಬಾಲ್ಯದಿಂದ ಎನ್ನುತ್ತಾನೆ, ಬೆಂಕಿ ನೀರುಗಳ ಅಪಾಯವನ್ನು ಹೇಳುತ್ತಾನೆ. ವೈದ್ಯರು ಇಂದಿಗೂ ಮೊದಲು ಕೇಳುವುದು ಇದನ್ನೇ. ಆ ಸಂಜೆ ನಮ್ಮಲ್ಲಿ ಯಾರೂ ಆ ತಾಯಿಯನ್ನು ಏನನ್ನೂ ಕೇಳಲಿಲ್ಲ. ಉಪವಾಸ ಪ್ರಾರ್ಥನೆ ಮಾಡಬಾರದಿತ್ತೆಂದಲ್ಲ. ಅದರ ಬೆಲೆಯಾಗಿ ಗುಳಿಗೆಯನ್ನು ಕೇಳುವ ಅಧಿಕಾರ ನಮಗೆ ಯಾವ ವಾಕ್ಯದಿಂದಲೂ ಬಂದಿರಲಿಲ್ಲ. ದೆವ್ವದ ಕೆಲಸವೆಂದು ನಂಬಿದ ಒರಿಗನನ ಆ ವಾದದಲ್ಲಿಯೂ ರೋಗಿಯ ಔಷಧ ನಿಲ್ಲಿಸಿರೆಂಬ ಮಾತಿಲ್ಲ.

ಕೈ ಸುಟ್ಟ ಮೇಲೆ ತಾಯಿ ಮತ್ತೆ ಗುಳಿಗೆ ಆರಂಭಿಸಿದಳು. ನಾನು ಅವಳೊಡನೆ ಎರಡು ಸಲ ಧಾರವಾಡಕ್ಕೆ ಹೋಗಿಬಂದೆ. ಮೂರ್ಛೆ ಬಂದಾಗ ಮೂಗಿಗೆ ಉಳ್ಳಾಗಡ್ಡಿ ಹಿಡಿಯಬಾರದು, ಕೈಯಲ್ಲಿ ಕೀಲಿಕೈ ತುರುಕಬಾರದು, ಬಾಯಲ್ಲಿ ಏನನ್ನೂ ಇಡಬಾರದು, ಪಕ್ಕಕ್ಕೆ ಮಲಗಿಸಿ ಕಾಯಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು ಎಂದು ಅಲ್ಲಿಯ ವೈದ್ಯರು ಹೇಳಿಕೊಟ್ಟದ್ದನ್ನು ಒಂದು ಭಾನುವಾರ ಆರಾಧನೆಯ ಪ್ರಕಟಣೆಗಳ ವೇಳೆಯಲ್ಲಿ ಓದಿದೆನು. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಬಂದು, ‘ಪಕ್ಕಕ್ಕ ಅಂದ್ರ ಎಡಕ್ಕೋ ಬಲಕ್ಕೋ?’ ಎಂದು ಕೇಳಿದರು.